ಇಲ್ಲದಿದ್ದಾಗಲೇ ಗುರುತಿಗೆ ಬರುವ ಪ್ರೋಟೀನ್: ದನಗಳ ಐಬಿಆರ್ ರೋಗದ ಹಿನ್ನೆಲೆ

ಬೀದರ್ ಜಿಲ್ಲೆಯ ಭಾಲ್ಕಿ, ಔರಾದ್ ಕಡೆಯ ರೈತರ ಕೊಟ್ಟಿಗೆಯಲ್ಲಿ ಆರೇಳು ತಿಂಗಳು ತುಂಬಿದ ಆಕಳು ಕಂದು ಹಾಕಿದರೆ ಮೊದಲ ಅನುಮಾನ ಸಾಮಾನ್ಯವಾಗಿ ಬ್ರುಸೆಲ್ಲೋಸಿಸ್ ಮೇಲೆ ಹೋಗುತ್ತದೆ. ಕಂದು ರೋಗವೆಂಬ ಹೆಸರೇ ಅದಕ್ಕಿದೆ. ಅದೇ ನಷ್ಟಕ್ಕೆ ಕಾರಣವಾಗಬಲ್ಲ ಐಬಿಆರ್ (ಇನ್ಫೆಕ್ಷಿಯಸ್ ಬೋವೈನ್ ರೈನೋಟ್ರಾಕೈಟಿಸ್, ದನಗಳ ಮೂಗು-ಶ್ವಾಸನಾಳದ ಸೋಂಕುರೋಗ) ಅಷ್ಟು ಪರಿಚಿತವಲ್ಲ. ಅದನ್ನು ಹುಟ್ಟಿಸುವುದು ದನಗಳ ಹರ್ಪಿಸ್ ವೈರಸ್. ಒಮ್ಮೆ ಸೋಂಕಿದ ಪ್ರಾಣಿಯ ನರಗಂಟಿನಲ್ಲಿ, ಅಂದರೆ ನರಕೋಶಗಳ ಗುಂಪಿನಲ್ಲಿ, ಅದು ಜೀವನಪರ್ಯಂತ ಅಡಗಿದ್ದು, ಪ್ರಾಣಿ ಬಳಲಿದಾಗ ಮತ್ತೆ ಹೊರಬೀಳುತ್ತದೆ, ಹೋರಿಯಾದರೆ ವೀರ್ಯದಲ್ಲಿಯೂ.

ಈ ವೈರಸ್ಸನ್ನು ಅಮೆರಿಕದಲ್ಲಿ 1956ರಲ್ಲಿ ಬೇರ್ಪಡಿಸಲಾಯಿತು. ಭಾರತದಲ್ಲಿ ರೋಗ ವರದಿಯಾದದ್ದು 1976ರಲ್ಲಿ. ಲಸಿಕೆಗಳು ಬೇಗನೆ ಬಂದವು, ಆದರೆ ಅವುಗಳೊಡನೆ ಒಂದು ತೊಡಕೂ ಬಂತು. ರಕ್ತದಲ್ಲಿ ಪ್ರತಿಕಾಯ (ರೋಗಾಣುವನ್ನು ಹಿಡಿಯಲು ದೇಹ ತಯಾರಿಸುವ ಪ್ರೋಟೀನ್) ಸಿಕ್ಕರೆ ಅದು ಲಸಿಕೆಯಿಂದ ಬಂದದ್ದೋ ಸೋಂಕಿನಿಂದ ಬಂದದ್ದೋ ಎಂದು ಹೇಳುವ ದಾರಿ ಇರಲಿಲ್ಲ.

ದಾರಿ ತೋರಿದ್ದು ಜಿಇ ಎಂಬ ಪ್ರೋಟೀನ್, ಅದೂ ಬಳಸುದಾರಿಯಿಂದ. ಮನುಷ್ಯರ ಹರ್ಪಿಸ್ ಸಿಂಪ್ಲೆಕ್ಸ್ ವೈರಸ್ಸಿನಲ್ಲಿ ಇದನ್ನು 1979ರಲ್ಲಿ ವಿಜ್ಞಾನಿಗಳಾದ ಬಾಕಿ ಮತ್ತು ಪೆಟ್ರೀಷಿಯಾ ಸ್ಪಿಯರ್ ಗುರುತಿಸಿದರು. ತನ್ನನ್ನು ಹಿಡಿಯಲು ಬಂದ ಪ್ರತಿಕಾಯದ ಬಾಲವನ್ನೇ ಹಿಡಿದುಕೊಳ್ಳುವ ಚಾಳಿಯೇ ಅದರ ಗುರುತಾಯಿತು. ವೈರಸ್ಸಿನ ಹೊರಪೊರೆಯಲ್ಲಿ ಜಿಐ ಎಂಬ ಇನ್ನೊಂದು ಪ್ರೋಟೀನಿನ ಜೊತೆಗೂಡಿ ನಿಲ್ಲುವ ಜಿಇ, ಸೋಂಕು ಒಂದು ಜೀವಕೋಶದಿಂದ ಪಕ್ಕದ ಜೀವಕೋಶಕ್ಕೆ ದಾಟಲು ನೆರವಾಗುತ್ತದೆ ಎಂಬುದು ಮುಂದಿನ ಅಧ್ಯಯನಗಳಿಂದ ತಿಳಿಯಿತು. ದನದ ವೈರಸ್ಸಿನಲ್ಲಿ ಇದು 575 ಅಮೈನೋ ಆಮ್ಲಗಳ ಸರಪಳಿ. ಇಷ್ಟೆಲ್ಲ ಇದ್ದರೂ, ಜಿಇ ಇಲ್ಲದೆಯೂ ವೈರಸ್ ಪ್ರಯೋಗಾಲಯದ ಜೀವಕೋಶಗಳಲ್ಲಿ ಬೆಳೆಯಬಲ್ಲದು.

ಈ ಕೊನೆಯ ಸಂಗತಿಯ ಬೆಲೆ ಮೊದಲು ತಿಳಿದದ್ದು ಹಂದಿಗಳಿಂದ. ಹಂದಿಗಳಿಗೆ ಇನ್ನೊಂದು ಹರ್ಪಿಸ್ ವೈರಸ್ಸಿನಿಂದ ಬರುವ ಔಜೆಸ್ಕಿ ರೋಗದ ವಿರುದ್ಧ ಹಂಗೆರಿಯಲ್ಲಿ 1961ರಲ್ಲಿ ದುರ್ಬಲಗೊಳಿಸಿದ ಬಾರ್ಥಾ ತಳಿಯ ವೈರಸ್ಸಿನಲ್ಲಿ ಜಿಇ ಕಳೆದುಹೋಗಿತ್ತು. ಯಾರೂ ಅದನ್ನು ಉದ್ದೇಶಪಟ್ಟು ತೆಗೆದಿರಲಿಲ್ಲ. ಇದನ್ನು ಆಧರಿಸಿ 1986ರಲ್ಲಿ ನೆದರ್ಲೆಂಡ್ಸ್‌ನ ಫಾನ್ ಓಯಿರ್ಸ್ಕಾಟ್ ಮತ್ತು ಸಂಗಡಿಗರು ಲಸಿಕೆ ಪಡೆದ ಹಂದಿಯನ್ನೂ ಸೋಂಕಿತ ಹಂದಿಯನ್ನೂ ಬೇರೆಮಾಡುವ ರಕ್ತಪರೀಕ್ಷೆ ರೂಪಿಸಿದರು. ದನದ ವೈರಸ್ಸಿನಿಂದಲೂ ಜಿಇ ತೆಗೆದ ಲಸಿಕೆ ಸುರಕ್ಷಿತವೆಂದು 1994ರಲ್ಲಿ ಪ್ರಕಟವಾಯಿತು. ಇಂಥ ಲಸಿಕೆ ಪಡೆದ ದನದ ರಕ್ತದಲ್ಲಿ ಉಳಿದ ಪ್ರೋಟೀನುಗಳ ವಿರುದ್ಧ ಪ್ರತಿಕಾಯ ಇರುತ್ತದೆ, ಜಿಇ ವಿರುದ್ಧ ಇರುವುದಿಲ್ಲ. ಇದ್ದರೆ ಅದು ನಿಜವಾದ ಸೋಂಕು. ಈ ಲಸಿಕೆ ಮತ್ತು ಪರೀಕ್ಷೆಗಳನ್ನು ಬಳಸಿದ ಜರ್ಮನಿ 2017ರಲ್ಲಿ ಐಬಿಆರ್ ಮುಕ್ತವೆಂದು ಮಾನ್ಯತೆ ಪಡೆಯಿತು. ಭಾರತದಲ್ಲಿಯೂ ಇತ್ತೀಚೆಗೆ ಜಿಇ ರಹಿತ ಲಸಿಕೆ ತಯಾರಾಗಿದೆ.

ಆದರೆ ಜರ್ಮನಿಯ ದಾರಿಯನ್ನು ಬೀದರಿಗೆ ಹಾಗೆಯೇ ತರಲಾಗದು. ಅಲ್ಲಿ ಸೋಂಕಿತ ದನಗಳನ್ನು ಹಿಂಡಿನಿಂದ ತೆಗೆದುಹಾಕಿದರು. ಇಲ್ಲಿ ದೇವಣಿ ತಳಿಯ ಒಳ್ಳೆಯ ಹೋರಿಯೊಂದನ್ನು ಪ್ರತಿಕಾಯ ಸಿಕ್ಕಿತೆಂದು ಕೈಬಿಡುವುದು ಸುಲಭದ ತೀರ್ಮಾನವಲ್ಲ. ಈಗಾಗಲೇ ಸೋಂಕಿದ ಹೋರಿಯ ನರಗಂಟಿನಿಂದ ವೈರಸ್ಸನ್ನು ಯಾವ ಲಸಿಕೆಯೂ ಹೊರಹಾಕದು. ಆದ್ದರಿಂದ ಕೃತಕ ಗರ್ಭಧಾರಣೆಗೆ ಬಳಸುವ ಹೋರಿಗಳ ಮಟ್ಟಿಗೆ, ರಕ್ತದ ಜೊತೆಗೆ ವೀರ್ಯವನ್ನೂ ವೈರಸ್ಸಿಗಾಗಿ ಪರೀಕ್ಷಿಸುವ ಕೆಲಸ ಜಿಇ ಪರೀಕ್ಷೆ ಬಂದ ಮೇಲೂ ಉಳಿದೇ ಇದೆ.