ಗೋವಿನಜೋಳದ ಮುರಘಾಸ: ನಾರು ಎಷ್ಟು ಜೀರ್ಣವಾಗುತ್ತದೆ?

ಸಾಂಗ್ಲಿ ಜಿಲ್ಲೆಯ ನಮ್ಮ ಜತ್ತ ಕಡೆ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಷಿಯನ್) ಆಕಳು ಕಟ್ಟಿದವರಿಗೆ ಗೋವಿನಜೋಳದ ಮುರಘಾಸ, ಅಂದರೆ ಹಸಿ ಮೇವನ್ನು ಕತ್ತರಿಸಿ ಗಾಳಿಯಾಡದಂತೆ ಮುಚ್ಚಿ ಹುಳಿಬರಿಸಿದ ಸೈಲೇಜ್, ಹೊಸದೇನಲ್ಲ. ಕೊಳ್ಳುವಾಗ ಹೆಚ್ಚಿನವರು ಕೇಳುವುದು ಎರಡೇ: ತೆನೆ ಎಷ್ಟಿದೆ, ಕಿಲೋಗೆ ಎಷ್ಟು. ನಾರಿನ ಮಾತೇ ಬರುವುದಿಲ್ಲ. ಪರೀಕ್ಷೆಗೆ ಓದುವ ನಾವೂ ಈ ಭಾಗವನ್ನು ಬೇಗ ದಾಟಿ ಹೋಗುತ್ತೇವೆ. ಆದರೆ ಹೆಚ್ಚು ಹಾಲು ಕೊಡುವ ಆಕಳು ದಿನಕ್ಕೆ ಎಷ್ಟು ತಿನ್ನಬಲ್ಲದು ಎಂಬುದು ಬಹಳಷ್ಟು ಈ ನಾರಿನ ಮೇಲೇ ನಿಂತಿದೆ.

ಮೊದಲು ಎರಡು ಅಳತೆ ತಿಳಿದುಕೊಳ್ಳೋಣ. ಎನ್‌ಡಿಎಫ್ ಅಂದರೆ ಮೇವಿನ ಒಣ ಅಂಶದಲ್ಲಿರುವ ನಾರು: ಸೆಲ್ಯುಲೋಸ್, ಹೆಮಿಸೆಲ್ಯುಲೋಸ್, ಲಿಗ್ನಿನ್. ಆ ನಾರಿನಲ್ಲಿ ನೂರಕ್ಕೆ ಎಷ್ಟು ಜೀರ್ಣವಾಗುತ್ತದೆ ಎಂಬ ಲೆಕ್ಕವೇ ಎನ್‌ಡಿಎಫ್‌ಡಿ. ಸೆಲ್ಯುಲೋಸ್, ಹೆಮಿಸೆಲ್ಯುಲೋಸ್ ಎರಡನ್ನೂ ರೂಮೆನ್‌ನ (ಆಕಳ ಮೊದಲ, ದೊಡ್ಡ ಹೊಟ್ಟೆಯ) ಸೂಕ್ಷ್ಮಜೀವಿಗಳು ಒಡೆಯುತ್ತವೆ. ಲಿಗ್ನಿನ್ ಅವುಗಳಿಗೆ ಜಗ್ಗುವುದಿಲ್ಲ. ಅಷ್ಟೇ ಅಲ್ಲ, ಪಕ್ಕದ ಸೆಲ್ಯುಲೋಸೂ ಅವುಗಳ ಕೈಗೆ ಸಿಗದ ಹಾಗೆ ತಡೆಯುತ್ತದೆ. ಪ್ರಯೋಗಾಲಯದಲ್ಲಿ ಮೇವಿನ ಪುಡಿಯನ್ನು ರೂಮೆನ್ ರಸದಲ್ಲಿ 30 ಅಥವಾ 48 ಗಂಟೆ ಇಟ್ಟು ಅಳೆಯುತ್ತಾರೆ. ಅದೇ ಮೇವಿಗೆ 48 ಗಂಟೆಯ ಅಂಕಿ ಜಾಸ್ತಿ ಬರುತ್ತದೆ. ಹಾಗಾಗಿ ಎರಡು ರಿಪೋರ್ಟ್ ಹೋಲಿಸುವ ಮೊದಲು ಗಂಟೆ ನೋಡಿ.

ಈಗ ಒಂದು ಲೆಕ್ಕ. ಆಕಳಿಗೆ 20 ಕಿಲೋ ಮುರಘಾಸ ಹಾಕಿದೆವು ಅಂದುಕೊಳ್ಳಿ. ಒಣ ಅಂಶ 30% ಇದ್ದರೆ 6 ಕಿಲೋ. ಅದರಲ್ಲಿ 45% ಎನ್‌ಡಿಎಫ್ ಇದ್ದರೆ ನಾರು 2.7 ಕಿಲೋ. ಎನ್‌ಡಿಎಫ್‌ಡಿ 50% ಆದರೆ ಜೀರ್ಣವಾಗುವ ನಾರು 1.35 ಕಿಲೋ, 60% ಆದರೆ 1.62 ಕಿಲೋ. ವ್ಯತ್ಯಾಸ 270 ಗ್ರಾಂ. ಇಷ್ಟೇನಾ ಅನಿಸುತ್ತದೆ, ಅಲ್ವಾ?

ದೊಡ್ಡ ಲಾಭ ಇರುವುದು ಬೇರೆ ಕಡೆ. ಜೀರ್ಣವಾಗದ ನಾರು ರೂಮೆನ್‌ನಲ್ಲಿ ಜಾಗ ಹಿಡಿದು ಕೂರುತ್ತದೆ. ಹೊಟ್ಟೆ ತುಂಬಿದೆ ಎಂದು ಆಕಳು ಗೋದಲಿ ಬಿಟ್ಟು ಮಲಗುತ್ತದೆ. ನಾರು ಬೇಗ ಕರಗಿದರೆ ಜಾಗ ಬೇಗ ಖಾಲಿ, ಮತ್ತೆ ತಿನ್ನಲು ಬರುತ್ತದೆ. 1999ರಲ್ಲಿ ಅಮೆರಿಕದ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಓಬಾ ಮತ್ತು ಆಲೆನ್ ಹಲವು ಪ್ರಯೋಗಗಳನ್ನು ಒಟ್ಟಿಗೆ ನೋಡಿದರು. ಮೇವಿನ ಎನ್‌ಡಿಎಫ್‌ಡಿ ನೂರಕ್ಕೆ 1 ಅಂಶ ಏರಿದರೆ, ಒಣ ಲೆಕ್ಕದ ಸೇವನೆ ದಿನಕ್ಕೆ 0.17 ಕಿಲೋ, 4% ಕೊಬ್ಬಿಗೆ ಸರಿಹೊಂದಿಸಿದ ಹಾಲು 0.25 ಕಿಲೋ ಏರುತ್ತದೆ ಎಂಬುದು ಅವರಿಗೆ ಕಂಡದ್ದು. ಈ ಅಂಕಿಯನ್ನು ಎಲ್ಲ ಆಕಳಿಗೂ ಸುಮ್ನೆ ಹಚ್ಚಬೇಡಿ. 8 ಲೀಟರ್ ಕೊಡುವ ಆಕಳಿಗೆ ಹೊಟ್ಟೆಯ ಜಾಗ ಅಡ್ಡಿಯೇ ಅಲ್ಲ. ಲಾಭ ಎದ್ದು ಕಾಣುವುದು ಹೊಸದಾಗಿ ಈದ, ಜಾಸ್ತಿ ಹಿಂಡುವ ಆಕಳಲ್ಲಿ. ಒಳ್ಳೆಯ ಮುರಘಾಸ ಅವಕ್ಕೆ ಮೀಸಲಿಡಿ. ಬತ್ತಿದವಕ್ಕೂ ಪಡ್ಡೆಗಳಿಗೂ ಸಾಧಾರಣದ್ದು ನಡೆಯುತ್ತದೆ.

ನಾರಿನ ಗುಣ ಬಹುಪಾಲು ಕೊಯ್ಯುವ ದಿನವೇ ಗಟ್ಟಿಯಾಗುತ್ತದೆ. ಮುಚ್ಚಿಟ್ಟ ಮೇಲೆ ತಿಂಗಳು ಕಳೆದಂತೆ ಕಾಳಿನ ಪಿಷ್ಟ ಸುಲಭವಾಗಿ ಜೀರ್ಣವಾಗತೊಡಗುತ್ತದೆ. ನಾರು ಹಾಗೆ ಸುಧಾರಿಸುವುದಿಲ್ಲ. ತೆನೆ ಮುರಿದು ನೋಡಿ: ಕಾಳಿನ ಹಾಲುಗೆರೆ (ಗಟ್ಟಿ ಭಾಗಕ್ಕೂ ಹಾಲಿನಂಥ ಭಾಗಕ್ಕೂ ನಡುವಿನ ಗೆರೆ) ಅರ್ಧಕ್ಕೆ ಇಳಿದಿದ್ದು, ಗಿಡದ ಒಣ ಅಂಶ 30ರಿಂದ 35% ಇರುವಾಗ ಕೊಯ್ಯುವುದು ಒಳ್ಳೆಯದು. ತಡವಾದರೆ ದಂಟು ಬಲಿಯುತ್ತದೆ, ಒಡೆಯದ ಕಾಳು ಸಗಣಿಯಲ್ಲಿ ಹೊರಬರುತ್ತದೆ, ತುಳಿದರೂ ಗಾಳಿ ಪೂರ್ತಿ ಹೋಗುವುದಿಲ್ಲ. ದಂಟಿನ ಬುಡದಲ್ಲೇ ಲಿಗ್ನಿನ್ ಜಾಸ್ತಿ. ಎತ್ತರಕ್ಕೆ ಕೊಯ್ದರೆ ಎನ್‌ಡಿಎಫ್‌ಡಿ ಏರುತ್ತದೆ, ಇಳುವರಿ ಇಳಿಯುತ್ತದೆ. ಮೇವಿಗೇ ಬರ ಇರುವ ನಮ್ಮ ಊರುಗಳಲ್ಲಿ ಮೊಳಕಾಲೆತ್ತರ ಬುಡ ಬಿಡಿ ಎಂದು ನಾನು ಹೇಳಲಾರೆ. ಮಣ್ಣು ತಾಗದಷ್ಟು ಬಿಟ್ಟರೆ ಸಾಕು.

ಮಳೆ ಕೈಕೊಟ್ಟು ಸೊರಗಿದ ಬೆಳೆಯನ್ನು ಪೂರ್ತಿ ಕೆಟ್ಟದ್ದು ಅನ್ನಬೇಡಿ. ಅದರ ನಾರು ಸಾಮಾನ್ಯವಾಗಿ ಚೆನ್ನಾಗಿಯೇ ಜೀರ್ಣವಾಗುತ್ತದೆ. ಕಡಿಮೆ ಬೀಳುವುದು ಕಾಳು. ಆಗ ಗೋವಿನಜೋಳದ ನುಚ್ಚು ಸೇರಿಸಬೇಕಾಗುತ್ತದೆ.

ಕಾಳೂ ತುಂಬಿದ್ದು ನಾರೂ ಬೇಗ ಕರಗುವ ಮುರಘಾಸ ಸಿಕ್ಕರೆ ನುಚ್ಚು ಕಡಿಮೆ ಮಾಡಿ. ಇಲ್ಲವಾದರೆ ರೂಮೆನ್‌ನಲ್ಲಿ ಹುಳಿ ಏರಿ ಮೆಲುಕು ಕಡಿಮೆಯಾಗುತ್ತದೆ, ಹಾಲಿನ ಫ್ಯಾಟ್ ಕುಸಿಯುತ್ತದೆ. ಡೇರಿಯಲ್ಲಿ 3.5 ಫ್ಯಾಟ್, 8.5 ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನ ಉಳಿದ ಘನ ಅಂಶ) ನೋಡಿ ದರ ಕಟ್ಟುವಾಗ ಇದು ನೇರ ನಷ್ಟ. ಮೆಲುಕಿಗಾಗಿ ಸ್ವಲ್ಪ ಜೋಳದ ಕಣಕಿ ಇರಲೇಬೇಕು. ಹೊಸ ಬ್ಯಾಗ್ ತೆರೆದಾಗ ವಾರ ಹತ್ತು ದಿನ ಹಳೆಯದರ ಜೊತೆ ಕಲಸಿ ಹಾಕಿ, ಗೋದಲಿಯಲ್ಲಿ ಎಷ್ಟು ಉಳಿಯುತ್ತದೆ ಎಂದು ದಿನವೂ ತೂಗಿ ಬರೆದಿಡಿ.