ಇಪಿಎಸ್: ಹೆಲ್ಮೆಟ್ ಒಳಗಿನ ಥರ್ಮೋಕೋಲ್

ಹೆಲ್ಮೆಟ್ ಅಂಗಡಿಗೆ ಹೋದವರು ಮೊದಲು ಮಾಡುವ ಕೆಲಸ ಬೆರಳಗೆಣ್ಣಿನಿಂದ ಟಕ್ ಟಕ್ ಎಂದು ಬಡಿದು ನೋಡುವುದು. ಸದ್ದು ಗಟ್ಟಿ ಬಂದರೆ ಮಾಲು ಒಳ್ಳೆಯದು ಎಂಬ ಲೆಕ್ಕ. ಆದರೆ ಬಡಿದದ್ದು ಹೊರಚಿಪ್ಪಿಗೆ. ತಲೆ ಉಳಿಸುವ ಕೆಲಸದ ದೊಡ್ಡ ಪಾಲು ಅದರ ಕೆಳಗಿನ ಪದರದ್ದು. ಅದೇ ಇಪಿಎಸ್, ಪೂರ್ತಿ ಹೇಳಿದರೆ ಎಕ್ಸ್‌ಪಾಂಡೆಡ್ ಪಾಲಿಸ್ಟೈರೀನ್. ಕಾರವಾರದವರಿಗೆ ಇದು ಹೊಸ ವಸ್ತುವೇನಲ್ಲ. ಬೈತಖೋಲ ಬಂದರಿನಲ್ಲಿ ಐಸ್ ಹಾಕಿ ಮೀನು ತುಂಬುವ ಬಿಳಿ ಥರ್ಮೋಕೋಲ್ ಡಬ್ಬಿಯೂ ಇಪಿಎಸ್ಸೇ. ಹೆಲ್ಮೆಟ್ಟಿಗೆ ಹಾಕುವುದು ಅದಕ್ಕಿಂತ ಒತ್ತಾಗಿ ಕೂಡಿಸಿದ್ದು, ಅಷ್ಟೇ ವ್ಯತ್ಯಾಸ.

ಮೀನಿನ ಡಬ್ಬಿಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ. ಗುಳಿ ಬೀಳುತ್ತದೆ, ಬಿದ್ದ ಗುಳಿ ಮೇಲೆ ಬರುವುದಿಲ್ಲ. ಒಳಗಿನ ಪುಟ್ಟ ಗಾಳಿಗುಳ್ಳೆಗಳು ಜಜ್ಜಿಹೋದವು, ಹಾಗೆ ಜಜ್ಜಿಹೋಗುವುದರಲ್ಲೇ ನಿಮ್ಮ ಒತ್ತಡ ಖರ್ಚಾಯಿತು. ತಲೆ ರಸ್ತೆಗೆ ಬಡಿದಾಗ ಆಗುವುದೂ ಇದೇ. ಬರೀ ಗಟ್ಟಿ ಚಿಪ್ಪಿದ್ದರೆ ತಲೆ ಗಕ್ಕನೆ ನಿಲ್ಲುತ್ತದೆ, ಒಳಗಿನ ಮಿದುಳು ಮಾತ್ರ ಅದೇ ವೇಗದಲ್ಲಿ ಹೋಗಿ ಬುರುಡೆಗೆ ಅಪ್ಪಳಿಸುತ್ತದೆ. ನಡುವೆ ಎರಡು ಮೂರು ಸೆಂಟಿಮೀಟರ್ ಇಪಿಎಸ್ ಇದ್ದರೆ ಅದು ಕುಸಿಯುತ್ತಾ ಹೋದಷ್ಟು ಹೊತ್ತು ತಲೆಗೆ ನಿಲ್ಲಲು ಸಮಯ ಸಿಗುತ್ತದೆ. ಕೆಲವೇ ಮಿಲಿಸೆಕೆಂಡು, ಬದುಕಲಿಕ್ಕೆ ಅಷ್ಟೇ ಬೇಕು. ಹಾಗಾಗಿ ಒಮ್ಮೆ ತಲೆಯ ಮೇಲಿದ್ದಾಗ ಪೆಟ್ಟು ತಿಂದ ಹೆಲ್ಮೆಟ್, ಹೊರಗೆ ಒಂದು ಗೀರೂ ಇಲ್ಲದೆ ಫಳಫಳ ಹೊಳೆಯುತ್ತಿದ್ದರೂ, ಕೆಲಸ ಮುಗಿಸಿದ ಹೆಲ್ಮೆಟ್.

"ಗಂಟೆಗೆ ಎಂಬತ್ತರಲ್ಲಿ ಹೋಗುವವನಿಗೆ ಈ ಥರ್ಮೋಕೋಲ್ ಏನು ಮಾಡೀತು ಮಾರಾಯ?" ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಹಿಂದಿನ ಐರೋಪ್ಯ ಮಾನದಂಡ ಇಸಿಇ 22.05ರಲ್ಲಿ ಹೆಲ್ಮೆಟ್ಟನ್ನು ಕಬ್ಬಿಣದ ದಿಮ್ಮಿಯ ಮೇಲೆ ಬೀಳಿಸುತ್ತಿದ್ದ ವೇಗ ಸೆಕೆಂಡಿಗೆ 7.5 ಮೀಟರ್, ಅಂದರೆ ಗಂಟೆಗೆ 27 ಕಿ.ಮೀ. ಮಾತ್ರ. ಕಡಿಮೆ ಅನ್ನಿಸುತ್ತದೆ. ಆದರೆ ಬೈಕಿನಿಂದ ಬಿದ್ದವರಲ್ಲಿ ಹೆಚ್ಚಿನವರ ತಲೆ ನೆಲಕ್ಕೆ ಬಡಿಯುವ ರಭಸ ತಲೆ ಎಷ್ಟು ಎತ್ತರದಿಂದ ಬಿತ್ತು ಎಂಬುದರ ಮೇಲೆ ನಿಂತಿದೆ, ಮುಂದಕ್ಕೆ ಓಡುತ್ತಿದ್ದ ವೇಗ ಜಾರಿಕೊಂಡು ಹೋಗುವುದರಲ್ಲಿ ಕಳೆಯುತ್ತದೆ. ಸೆಕೆಂಡಿಗೆ 7.5 ಮೀಟರ್ ಎಂದರೆ ಹತ್ತಿರ ಹತ್ತಿರ 3 ಮೀಟರ್ ಎತ್ತರದಿಂದ ಬಿದ್ದ ಹಾಗೆ. ಲಾರಿಗೋ ಮೋರಿ ಕಟ್ಟೆಗೋ ನೇರವಾಗಿ ಗುದ್ದಿದರೆ ಆ ಮಾತು ಬೇರೆ. ಜಾರುವಾಗ ತಲೆ ತಿರುಚುವ ಪೆಟ್ಟನ್ನೂ ಅಳೆಯುವ ಪರೀಕ್ಷೆ ನಂತರದ 22.06ರಲ್ಲಿ ಸೇರಿದೆ.

ನಮ್ಮಲ್ಲಿ ನೋಡಬೇಕಾದದ್ದು ಐಎಸ್‌ಐ ಗುರುತು. ಗುರುತಿನ ಮೇಲೆ ಹೆಲ್ಮೆಟ್ಟಿನ ಭಾರತೀಯ ಮಾನದಂಡದ ಸಂಖ್ಯೆ ಐಎಸ್ 4151, ಕೆಳಗೆ ಸಿಎಂ/ಎಲ್ ಎಂದು ಶುರುವಾಗುವ ಲೈಸೆನ್ಸ್ ನಂಬರ್ ಇರಬೇಕು. ಆ ನಂಬರನ್ನು ಈ ಗುರುತು ಕೊಡುವ ಭಾರತೀಯ ಮಾನಕ ಬ್ಯೂರೋದ (ಬಿಐಎಸ್) ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿದರೆ ತಯಾರಿಸಿದವರ ಹೆಸರು ಬರುತ್ತದೆ. 2021ರ ಜೂನ್ 1ರಿಂದ ಈ ಗುರುತಿಲ್ಲದ ಹೆಲ್ಮೆಟ್ ಮಾರುವಂತಿಲ್ಲ. ಹಾಗಂತ ಹೆದ್ದಾರಿ ಬದಿಯಲ್ಲಿ ಟಾರ್ಪಾಲ್ ಹಾಸಿ ಗುಡ್ಡೆ ಹಾಕಿ ಮಾರುವುದೇನೂ ನಿಂತಿಲ್ಲ, ಸ್ಟಿಕ್ಕರ್ ಅಂಟಿಸುವುದು ಎಷ್ಟು ಹೊತ್ತಿನ ಕೆಲಸ! ಅಂಥದ್ದರ ಒಳಬಟ್ಟೆಯನ್ನು ಸ್ವಲ್ಪ ಸರಿಸಿ ನೋಡಿ. ಕೆಲವದರಲ್ಲಿ ಬೆರಳಷ್ಟು ದಪ್ಪದ ಇಪಿಎಸ್ ಇರಬೇಕಾದ ಜಾಗದಲ್ಲಿ ತೆಳ್ಳಗಿನ ಸ್ಪಂಜು ಕೂತಿರುತ್ತದೆ. ಅದು ಪೊಲೀಸರಿಗೆ ತೋರಿಸಲಿಕ್ಕೆ ಸಾಕು.

ಇನ್ನು ಸೈಜು. ಇಪಿಎಸ್ ಎಷ್ಟೇ ಒಳ್ಳೆಯದಿರಲಿ, ಬೀಳುವ ಹೊತ್ತಿಗೆ ತಲೆಗೆ ತಾಗಿಕೊಂಡು ಇಲ್ಲದಿದ್ದರೆ ವ್ಯರ್ಥ. ಹುಬ್ಬಿನಿಂದ ಒಂದು ಇಂಚು ಮೇಲೆ ಟೇಪು ಹಿಡಿದು ತಲೆಯ ಸುತ್ತಳತೆ ತೆಗೆಯಿರಿ. 58 ಸೆಂ.ಮೀ. ಬಂದರೆ ಸಾಮಾನ್ಯವಾಗಿ ಮೀಡಿಯಂ, ಲೇಬಲ್ ಮೇಲೆ ಮಿಲಿಮೀಟರ್ ಲೆಕ್ಕದಲ್ಲಿ 580 ಎಂದಿರುತ್ತದೆ. ಅಳತೆ ಒಂದೇ ಆದರೂ ತಲೆಯ ಆಕಾರ ಒಂದೇ ಅಲ್ಲ. ಕೆಲವರದು ಗುಂಡಗೆ, ಕೆಲವರದು ಹಿಂದೆ ಮುಂದೆ ಉದ್ದ. ಗುಂಡು ಹೆಲ್ಮೆಟ್ಟನ್ನು ಉದ್ದ ತಲೆಗೆ ಹಾಕಿದರೆ ಹಣೆಯ ನಡುವೆ ಒತ್ತಿ, ಕಿವಿಯ ಮೇಲ್ಭಾಗದಲ್ಲಿ ಸಡಿಲ ಬಿಡುತ್ತದೆ. ಅಂಗಡಿಯಲ್ಲೇ ಹತ್ತು ನಿಮಿಷ ಹಾಕಿಕೊಂಡಿದ್ದು ತೆಗೆಯಿರಿ, ಹಣೆಯ ಮೇಲೆ ಒಂದೇ ಕಡೆ ಕೆಂಪು ಗುರುತು ಬಿದ್ದಿದ್ದರೆ ಬೇರೆ ಮಾಡೆಲ್ ಕೇಳಿ. ಕೆನ್ನೆ ಒತ್ತುತ್ತದೆ ಅಂದ ಕೂಡಲೇ ಅಂಗಡಿಯವರು "ಒಂದು ನಂಬರ್ ದೊಡ್ಡದು ಕೊಡ್ತೆ ತಗಳಿ" ಅನ್ನುತ್ತಾರೆ. ಒಪ್ಪಬೇಡಿ. ಹೊಸದರಲ್ಲಿ ಕೆನ್ನೆ ಸ್ವಲ್ಪ ಉಬ್ಬುವಷ್ಟು ಬಿಗಿ ಇರಲೇಬೇಕು, ಪ್ಯಾಡು ಬಳಸುತ್ತಾ ಬಳಸುತ್ತಾ ಸಡಿಲವಾಗುತ್ತದೆ. ಹೆಲ್ಮೆಟ್ಟನ್ನು ಎರಡೂ ಕೈಯಲ್ಲಿ ಹಿಡಿದು ತಿರುಗಿಸಿದಾಗ ಹಣೆಯ ಚರ್ಮವೂ ಜತೆಗೆ ಎಳೆದುಕೊಳ್ಳಬೇಕು. ಪಟ್ಟಿ ಬಿಗಿದು, ಹಿಂದಿನ ಅಂಚಿಗೆ ಕೈಹಾಕಿ ಮುಂದಕ್ಕೆ ಮಗುಚಿ ನೋಡಿ, ಕಳಚಿ ಬಂದರೆ ಅದು ನಿಮ್ಮದಲ್ಲ.

ಸ್ಟೈಲಿನ ವಿಷಯದಲ್ಲಿ ನನ್ನದೇನೂ ತಕರಾರಿಲ್ಲ. ಬಣ್ಣ, ಚಿತ್ರ ನಿಮ್ಮಿಷ್ಟ. ಹಿಂಬದಿಯಲ್ಲಿ ಬಾಲದಂತೆ ಎದ್ದಿರುವ ಸ್ಪಾಯ್ಲರ್ ಮಾತ್ರ ಶರಾವತಿ ಸೇತುವೆಯ ಮೇಲೆ ಅಡ್ಡಗಾಳಿ ಹೊಡೆದಾಗ ಕುತ್ತಿಗೆಗೆ ಕೆಲಸ ಕೊಟ್ಟೀತು. ಅರ್ಧ ಹೆಲ್ಮೆಟ್ಟಿಗೆ ಗದ್ದದ ಮುಂದೆ ಇಪಿಎಸ್ಸೇ ಇಲ್ಲ, ಮುಖ ಕೆಳಗಾಗಿ ಬಿದ್ದರೆ ದವಡೆಯ ಗತಿ ಊಹಿಸಿಕೊಳ್ಳಿ. ಸೆಕೆ ಎಂದು ಅದನ್ನು ಆರಿಸುವವರು ಮುಂದೆ ಹಿಂದೆ ಗಾಳಿಕಿಂಡಿ ಇರುವ ಫುಲ್‌ಫೇಸ್ ಒಮ್ಮೆ ಹಾಕಿ ನೋಡಲಿ. ಕಿಂಡಿ ಚಿಪ್ಪಿನಲ್ಲಿದ್ದರೆ ಸಾಲದು, ಒಳಗಿನ ಇಪಿಎಸ್ಸಿನಲ್ಲೂ ಗಾಳಿ ಹರಿಯುವ ಕಾಲುವೆ ಕೊರೆದಿರಬೇಕು. ಕೆಲವದರಲ್ಲಿ ಕಿಂಡಿ ಬರೀ ಅಲಂಕಾರ.

ಕರಾವಳಿಯ ಬೆವರು, ಘಟ್ಟದ ಮಳೆ ಎರಡಕ್ಕೂ ಬೇಕಾದದ್ದು ಬಿಚ್ಚಿ ತೊಳೆಯಲು ಬರುವ ಒಳಬಟ್ಟೆ. ಇಲ್ಲದಿದ್ದರೆ ಆಷಾಢ ಕಳೆಯುವುದರೊಳಗೆ ಬೂಸ್ಟು ಹಿಡಿದು ಮೂಗು ಮುಚ್ಚಿಕೊಳ್ಳಬೇಕಾಗುತ್ತದೆ. ದೇವಿಮನೆ ಘಟ್ಟದಲ್ಲಿ ಮಂಜು ಕವಿದಾಗ ವೈಸರ್ ಒಳಗಿನಿಂದ ಮಬ್ಬಾಗುತ್ತದೆ, ಮಬ್ಬು ತಡೆಯಲು ಒಳಗೆ ಹಾಕುವ ಪಿನ್‌ಲಾಕ್ ಹಾಳೆ ಕೂರುವ ವೈಸರ್ ಇದ್ದರೆ ಅನುಕೂಲ. ಕಪ್ಪು ವೈಸರ್ ಹಗಲಿಗೆ ಮಾತ್ರ.

ಶಿರಸಿ ಕಡೆ ಒದ್ದೆ ಹೆಲ್ಮೆಟ್ಟನ್ನು ಬಚ್ಚಲ ಒಲೆಯ ಮೇಲೆ ನೇತುಹಾಕುವವರಿದ್ದಾರೆ. ಆ ಕಾವಿಗೆ ಇಪಿಎಸ್ ಮೆತ್ತಗಾಗಿ ಆಕಾರ ಕೆಡಬಹುದು, ಫ್ಯಾನಿನ ಕೆಳಗೆ ಒಣಗಿಸಿ. ಬೈಕಿನ ಕನ್ನಡಿಗೆ ಮಗುಚಿ ಹಾಕುವುದು ಇನ್ನೂ ಸಾಮಾನ್ಯ. ಕನ್ನಡಿಯ ಮೂಲೆ ಒಳಗಿನಿಂದ ಒತ್ತಿ ಒತ್ತಿ ನೆತ್ತಿಯ ಜಾಗದಲ್ಲೇ ಗುಳಿ ಮಾಡುತ್ತದೆ. ಪೆಟ್ರೋಲಂತೂ ಇಪಿಎಸ್ಸನ್ನು ಕರಗಿಸಿಬಿಡುತ್ತದೆ: ಮೀನಿನ ಡಬ್ಬಿಯ ಒಂದು ಚೂರಿನ ಮೇಲೆ ನಾಲ್ಕು ಹನಿ ಬಿಟ್ಟರೆ ಕಣ್ಣೆದುರೇ ಅಂಟಾಗಿ ಕುಸಿಯುತ್ತದೆ. ವೈಸರ್ ಒರೆಸಲು, ಒಳಗೆ ಅಂಟಿದ ಕೊಳೆ ತೆಗೆಯಲು ಪೆಟ್ರೋಲ್ ಬಟ್ಟೆ, ಥಿನ್ನರ್ ಮುಟ್ಟಬೇಡಿ. ಸೋಪಿನ ನೀರು ಸಾಕು.