ಆರಾಧನೆ ಅಂದ್ರೆ ಹಾಡಷ್ಟೇನಾ? ಸಿಂಧನೂರಿನ ಬೈಬಲ್ ಅಧ್ಯಯನದ ಟಿಪ್ಪಣಿ

ನಮ್ಮ ಸಭೆಯ (ಚರ್ಚಿನ) ಹುಡುಗರು ‘ವರ್ಷಿಪ್ ಮುಗೀತು, ಇನ್ನು ಸಂದೇಶ’ ಅಂತಾರೆ. ಕೀಬೋರ್ಡ್ ನಿಂತರೆ ಆರಾಧನೆಯೂ ಮುಗೀತು! ನಾನೂ ಬಹಳ ದಿನ ಹಾಗೇ ಅಂದುಕೊಂಡಿದ್ದೆ. ಈ ಸಲ ಮೂಲ ಭಾಷೆಯ ಪದಗಳನ್ನು ಬಿಡಿಸಿ ನೋಡಿದೆವು. ಅವುಗಳಲ್ಲಿ ಹಾಡಿನ ಸುದ್ದಿಯೇ ಇಲ್ಲ.

ಹೊಸ ಒಡಂಬಡಿಕೆಯ ಗ್ರೀಕಿನಲ್ಲಿ ಹೆಚ್ಚಾಗಿ ಸಿಗುವ ಮಾತು ‘ಪ್ರೊಸ್ಕುನೆಯೊ’, ಅಂದರೆ ಅಡ್ಡಬೀಳುವುದು. ಮಗು ಯೇಸುವನ್ನು ಕಂಡ ಜೋಯಿಸರು ಮಾಡಿದ್ದು ಇದನ್ನೇ. ಇನ್ನೊಂದು ‘ಲತ್ರೆಯ’, ಅಂದರೆ ಸೇವೆ. ಮತ್ತಾಯ 4:10ರಲ್ಲಿ ಯೇಸು ಸೈತಾನನಿಗೆ ಕೊಟ್ಟ ಉತ್ತರದಲ್ಲಿ ಅಡ್ಡಬೀಳುವುದು, ಸೇವಿಸುವುದು ಎರಡೂ ಜೊತೆಗೇ ಬರುತ್ತವೆ.

ಯೋಹಾನ 4ನೇ ಅಧ್ಯಾಯವನ್ನು ನಿಧಾನವಾಗಿ ಓದಿ. ಸಮಾರ್ಯದ ಹೆಂಗಸು ನಡುಮಧ್ಯಾಹ್ನ ಬಾವಿಗೆ ಬರುತ್ತಾಳೆ. ನಮ್ಮ ಕಡೆಯ ಬಿಸಿಲು ಗೊತ್ತಿದ್ದವರಿಗೆ ಆ ಹೊತ್ತಿನಲ್ಲಿ ನೀರಿಗೆ ಹೋಗೋದು ಏನು ಅಂತ ಹೇಳಬೇಕಿಲ್ಲ. ಆರಾಧನೆಗೆ ಜಾಗ ಯಾವುದು, ಸಮಾರ್ಯದವರಾದ ನಮ್ಮ ಬೆಟ್ಟವೋ, ಯೆಹೂದ್ಯರ ಯೆರೂಸಲೇಮೋ ಅನ್ನೋದು ಆಕೆ ಯೇಸುವಿನ ಮುಂದಿಟ್ಟ ಪ್ರಶ್ನೆ. 20ರಿಂದ 24ರವರೆಗಿನ ಐದೇ ವಚನಗಳಲ್ಲಿ ಗ್ರೀಕಿನ ಆ ‘ಅಡ್ಡಬೀಳುವ’ ಮಾತು 10 ಸಲ ಬರುತ್ತದೆ. ಯೇಸು ಎರಡು ಜಾಗವನ್ನೂ ಬಿಟ್ಟು, ಆತ್ಮದಲ್ಲಿ, ಸತ್ಯದಲ್ಲಿ ಆರಾಧಿಸಬೇಕು ಅನ್ನುತ್ತಾನೆ. ಕಣ್ಣೀರು ಬಂದರೆ ಅದೇ ಆತ್ಮದ ಆರಾಧನೆ ಅಂತ ಕೆಲವರು ವಿವರಿಸುತ್ತಾರೆ. ನನಗೆ ಒಪ್ಪಿಗೆಯಿಲ್ಲ. ಸ್ವಲ್ಪ ಮುಂಚೆ ತಾನೇ ಯೇಸು ಆಕೆಯ ಐದು ಗಂಡಂದಿರ ಮಾತು ಎತ್ತಿದ್ದಾನೆ. ಮುಚ್ಚಿಡಲು ಏನೂ ಉಳಿದಿಲ್ಲ. ಸತ್ಯ ಶುರುವಾಗೋದು ಅಲ್ಲಿಂದ, ಅಲ್ವಾ? ಆಕೆ ಒಂದು ಹಾಡೂ ಹಾಡಲಿಲ್ಲ. ಕೊಡ ಅಲ್ಲೇ ಬಿಟ್ಟು ಊರಿನ ಕಡೆ ಹೋದಳು.

ಹಳೆಯ ಒಡಂಬಡಿಕೆಯ ಹೀಬ್ರೂ ಮಾತು ‘ಅವದ್’ ಇನ್ನೂ ಚೆನ್ನಾಗಿದೆ. ಆದಿಕಾಂಡ 2:15ರಲ್ಲಿ ಆದಾಮ ತೋಟದಲ್ಲಿ ದುಡಿಯುವುದಕ್ಕೂ ಇದೇ ಮಾತು, ವಿಮೋಚನಕಾಂಡ 3:12ರಲ್ಲಿ ಬೆಟ್ಟದ ಮೇಲೆ ದೇವರನ್ನು ಆರಾಧಿಸುವುದಕ್ಕೂ ಇದೇ ಮಾತು. ಇದನ್ನು ಹೇಳಿದಾಗ, ನಾಟಿ ಹಚ್ಚಿ ಬಂದು ಸೊಂಟ ಹಿಡಿದುಕೊಂಡು ಕೂತಿದ್ದ ಅಕ್ಕ ಒಬ್ಬರು ಕೇಳಿದರು: “ಹಂಗಾದ್ರ ದಿನಾ ಕೆಸರಾಗ ಬಗ್ಗೋದೂ ಆರಾಧನೇನಾ?”

ಎಲ್ಲರೂ ನಕ್ಕರು. ಆದರೆ ಪ್ರಶ್ನೆ ಗಟ್ಟಿಯಾಗಿತ್ತು. ರೋಮಾಪುರದ ವಿಶ್ವಾಸಿಗಳಿಗೆ ಬರೆದ ಪತ್ರದ 12:1ರಲ್ಲಿ ಅಪೊಸ್ತಲ ಪೌಲ ಹೇಳುವುದೂ ಹತ್ತಿರ ಹತ್ತಿರ ಅದನ್ನೇ: ನಿಮ್ಮ ದೇಹಗಳನ್ನೇ ಸಜೀವ ಯಜ್ಞವಾಗಿ ಒಪ್ಪಿಸಿ. ಅಲ್ಲಿರೋದು ‘ಲತ್ರೆಯ’. ಹಾಗಂತ ಸುಮ್ನೆ ಮಾಡಿದ ಕೆಲಸವೆಲ್ಲ ಆರಾಧನೆ ಆಗಲ್ಲ. ದೇವರಿಗೆ ಒಪ್ಪಿಸಿದ್ದಾಗಬೇಕು.

ಹಾಡು ಬೇಡ ಅಂತಲ್ಲ. ಕೀರ್ತನೆಗಳ ಪುಸ್ತಕದಲ್ಲೇ 150 ಇವೆ. ಆದರೆ ಪ್ರವಾದಿ ಆಮೋಸನ ಪುಸ್ತಕದ 5:23ರಲ್ಲಿ ‘ನಿಮ್ಮ ಹಾಡಿನ ಗದ್ದಲ ನನ್ನಿಂದ ದೂರ ಮಾಡಿ’ ಅನ್ನುವವನು ದೇವರೇ. ಬಡವರನ್ನು ತುಳಿದು ಹಬ್ಬ ಮಾಡುತ್ತಿದ್ದವರಿಗೆ ಹೇಳಿದ ಮಾತು. ಮುಂದಿನ ವಚನದಲ್ಲಿ ನ್ಯಾಯ ನೀರಿನಂತೆ, ನೀತಿ ಬತ್ತದ ತೊರೆಯಂತೆ ಹರಿಯಲಿ ಅನ್ನುತ್ತಾನೆ. ಆ ದೇಶದ ಹಳ್ಳಗಳು ಬೇಸಿಗೆಯಲ್ಲಿ ಒಣಗುತ್ತವೆ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗದಲ್ಲಿ ಹೊಲ ಇದ್ದವರಿಗೆ ‘ಬತ್ತದ’ ಅನ್ನುವ ಮಾತಿನ ತೂಕ ಬೇರೆ ಯಾರೂ ಹೇಳಿಕೊಡಬೇಕಿಲ್ಲ.

ಅಕ್ಕ ಮತ್ತೆ ಕೇಳಿದರು: “ಮತ್ತ ಕೂಲಿ ಬಾಕಿ ಇಟ್ಟು ಹಾಡೋರದು?” ಹೋದ ಹಂಗಾಮಿನಲ್ಲಿ ನಾಟಿ ಕೂಲಿ ಎರಡು ವಾರ ತಡಮಾಡಿದ್ದು ನಾನೇ. ಉತ್ತರ ಕೊಡಲು ಬಾಯಿ ಬರಲಿಲ್ಲ.